ಎತ್ತಿದ ಕೈಗಿಂತ ಒಂದು ಗೇಣು

ನಮ್ಮೂರಿನ ಗಾರೆ ಕೆಲಸದವರಿಗೆ ಗೋಡೆ ಎಷ್ಟು ದಪ್ಪ ಇರಬೇಕು, ಬಾಗಿಲು ಯಾವ ದಿಕ್ಕಿಗೆ ಇರಬೇಕು ಎನ್ನುವುದರ ಮೇಲಷ್ಟೇ ಅಧಿಕಾರ. ಮನೆ ಎಷ್ಟು ಎತ್ತರ ಇರಬೇಕು ಎನ್ನುವುದು ನನ್ನ ಕೈಯಲ್ಲಿದೆ. ಪುರಸಭೆಯ ಹಿಂಬದಿಯ ಕೋಣೆಯಲ್ಲಿ ಒಂದು ಕಂಪ್ಯೂಟರು, ಅದರೊಳಗೆ ಮನೆ ಬಿಡಿಸುವ ಒಂದು ಸಾಫ್ಟ್‌ವೇರು, ಅದರೊಳಗೆ ಊರಿನ ಅಷ್ಟೂ ಮನೆಗಳು. ಯಾವ ಮನೆಯ ಮೇಲೆ ಒತ್ತಿದರೂ ಎರಡು ಚೌಕ ತೆರೆದುಕೊಳ್ಳುತ್ತವೆ. ಒಂದು ಸೀಲಿಂಗಿನ ಎತ್ತರ, ಅಂದರೆ ಮನೆಯೊಳಗೆ ಅಂಗಾತ ಮಲಗಿದವರಿಗೆ ಕಾಣುವಂಥದ್ದು. ಇನ್ನೊಂದು ಛಾವಣಿಯ ಎತ್ತರ, ಅಂದರೆ ಬೀದಿಯಲ್ಲಿ ನಿಂತವರಿಗೆ ಕಾಣುವಂಥದ್ದು, ಹಪ್ಪಳ ಒಣಹಾಕುವಂಥದ್ದು. ನಾನು ಸಂಜೆ ಅಂಕಿ ಒತ್ತಿ ಹೋದರೆ ಬೆಳಿಗ್ಗೆ ಹಾಲು ಉಕ್ಕುವ ಹೊತ್ತಿಗೆ ಆ ಮನೆ ಅಷ್ಟು ಎತ್ತರಕ್ಕೆ ಬಂದು ನಿಂತಿರುತ್ತದೆ. ಸದ್ದೂ ಇಲ್ಲ, ಧೂಳೂ ಇಲ್ಲ.

ಮನೆ ಬದಲಾದಷ್ಟು ಸುಲಭವಾಗಿ ಮನೆಯೊಳಗಿನ ಸಾಮಾನು ಬದಲಾಗುವುದಿಲ್ಲ. ಅದಕ್ಕೇ ನಮ್ಮೂರಿನಲ್ಲಿ ನಡುಮನೆಗೆ ಅಡ್ಡ ಕಟ್ಟುವ ಪರದೆಗೆಲ್ಲ ಕೆಳಗೆ ಒಂದು ಮೊಳ ಮಡಿಕೆ ಹೊಲಿದಿರುತ್ತಾರೆ. ತೊಟ್ಟಿಲ ಹಗ್ಗವನ್ನು ಯಾರೂ ಕತ್ತರಿಸುವುದಿಲ್ಲ, ಉಳಿದದ್ದನ್ನು ಸುತ್ತಿಡುತ್ತಾರೆ. ಮಹಡಿ ಮನೆಯವರು ಎರಡು ಬಿಡಿ ಮೆಟ್ಟಿಲು ಇಟ್ಟುಕೊಂಡಿರುತ್ತಾರೆ, ಏಕೆಂದರೆ ಕೆಳಗಿನ ಸೀಲಿಂಗು ಏರಿದರೆ ಮಹಡಿಯೂ ಏರುತ್ತದೆ, ಮೆಟ್ಟಿಲು ಮಾತ್ರ ಇದ್ದಷ್ಟೇ ಇರುತ್ತದೆ. ಒಮ್ಮೆ ನಾನೇ ಎರಡೂ ಚೌಕದಲ್ಲಿ ಎಂಟರ ಪಕ್ಕ ಕೈತಪ್ಪಿ ಒಂದೊಂದು ಸೊನ್ನೆ ಒತ್ತಿಬಿಟ್ಟೆ. ಪಾಪ, ರಿಟೈರಾದ ಪೋಸ್ಟ್ ಮಾಸ್ಟರ ಮನೆ. ಮರುದಿನ ಅವರು ಬಂದು ಜಗಳ ಆಡಲಿಲ್ಲ. "ಎಂಬತ್ತಡಿ ಎತ್ತರ ಚೆನ್ನಾಗೇ ಇದೆ ಮೇಡಂ, ತಣ್ಣಗಿದೆ. ಆದ್ರೆ ನಮ್ಮನೆಯವಳು ಒಂದ್ಸಲ ಕೂಗಿದ್ರೆ ಎರಡ್ಸಲ ಕೇಳ್ಸುತ್ತೆ. ನಂಗೆ ಒಂದೇ ಸಾಕು" ಎಂದರು.

ಊರವರು ನನ್ನನ್ನು ಎತ್ತರದ ಮೇಡಂ ಎನ್ನುತ್ತಾರೆ. ನನ್ನ ಎತ್ತರ ನಾಲ್ಕು ಅಡಿ ಹತ್ತು ಇಂಚು. ಇದರಲ್ಲಿ ನಗುವಂಥದ್ದು ಇದೆ ಎಂದು ನನಗೂ ಗೊತ್ತು, ಇಪ್ಪತ್ತು ವರ್ಷದಿಂದ ಕೇಳಿಸಿಕೊಂಡು ಸಾಕಾಗಿದೆ.

ಎತ್ತರ ಎಂದರೆ ಅವರವರಿಗೆ ಬೇಕಾದಷ್ಟು ಕೊಡುವುದಕ್ಕೆ ಆಗುವುದಿಲ್ಲ. ಅದಕ್ಕೊಂದು ನಿಯಮವಿದೆ. ಮನೆಯಲ್ಲಿ ಯಾರು ಎಲ್ಲರಿಗಿಂತ ಎತ್ತರವೋ ಅವರು ಗೋಡೆಗೆ ಬೆನ್ನು ಕೊಟ್ಟು ನಿಂತು ಕೈ ಎತ್ತಬೇಕು. ಎತ್ತಿದ ಕೈಯ ನಡುಬೆರಳಿಗಿಂತ ಒಂದು ಗೇಣು ಮೇಲೆ ಸೀಲಿಂಗು, ಅಲ್ಲಿಂದ ಅರ್ಧ ಅಡಿ ಮೇಲೆ ಛಾವಣಿ. ಅಳತೆಗಾರ ಪಾಪಣ್ಣ ಬಿದಿರಿನ ಅಳತೆಕೋಲು ಮತ್ತು ಒಂದು ಬಟ್ಟಲು ಕೆಮ್ಮಣ್ಣು ಹಿಡಿದು ಮನೆಗೇ ಬರುತ್ತಾನೆ. ಅಂಗೈಯನ್ನು ಕೆಮ್ಮಣ್ಣಿನಲ್ಲಿ ಅದ್ದಿ ಗೋಡೆಗೆ ಒತ್ತಿಸುತ್ತಾನೆ. ಆ ಕೆಂಪು ಕೈ ಗೋಡೆಯ ಮೇಲೆ ಹಾಗೆಯೇ ಇರುತ್ತದೆ. ಸುಣ್ಣ ಬಳಿಯುವಾಗಲೂ ಅದನ್ನು ಬಿಟ್ಟು ಬಳಿಯುತ್ತಾರೆ. ಹೊಸ ಸೊಸೆ ಬಂದರೆ ಮೊದಲು ದೇವರಿಗೆ, ಆಮೇಲೆ ಆ ಕೈಗೆ ನಮಸ್ಕಾರ ಮಾಡುತ್ತಾಳೆ.

ಆ ಮನುಷ್ಯ ತೀರಿಹೋದರೆ ಹನ್ನೊಂದನೆಯ ದಿನದ ತಿಥಿ ಮುಗಿದ ಮರುದಿನ ಮನೆ ಇಳಿಯಬೇಕು. ಉಳಿದವರಲ್ಲಿ ಎತ್ತರದವರು ಕೈ ಎತ್ತಬೇಕು, ಪಾಪಣ್ಣ ಅಳೆಯಬೇಕು, ನಾನು ಅಂಕಿ ಒತ್ತಬೇಕು. ಬೆಳಗಾಗುವಷ್ಟರಲ್ಲಿ ಗೋಡೆಯ ಮೇಲಿನ ಪಟ್ಟಿ ಇರುವುದಿಲ್ಲ, ಅದರ ಮೇಲಿದ್ದ ಕೈಯೂ ಇರುವುದಿಲ್ಲ. ಹೀಗೆ ನಾನು ನಲವತ್ತೊಂದು ಮನೆ ಇಳಿಸಿದ್ದೇನೆ. ಕೆಲವರು ಬಂದು ಇನ್ನೊಂದು ವಾರ ಬಿಡಿ ಎಂದು ಅತ್ತಿದ್ದಾರೆ. ನಿಯಮ ಎಲ್ಲರಿಗೂ ಒಂದೇ ಎಂದು ಹೇಳಿ ಕಳಿಸಿದ್ದೇನೆ. ಹೇಳುವಾಗ ನನ್ನ ದನಿ ನಡುಗುತ್ತಿರಲಿಲ್ಲ, ಸುಳ್ಳೇಕೆ ಹೇಳಲಿ. ನಿಯಮ ಹೇಳುವುದರಲ್ಲಿ ಒಂದು ಸುಖವಿದೆ. ಆಡುವವರು ನಾವು, ಹೊಣೆ ಬೇರೆಯವರದು.

ಎರಡು ವರ್ಷದ ಹಿಂದೆ ನಮ್ಮ ಮನೆಯವರು ಹೋದರು. ಹೆಸರು ಚಿಕ್ಕಣ್ಣ, ಎತ್ತರ ಆರು ಅಡಿ ಎರಡು ಇಂಚು. ಬಸ್ಸಿನಲ್ಲಿ ಕಂಡಕ್ಟರಾಗಿದ್ದರು, ದಿನವಿಡೀ ಬಸ್ಸಿನೊಳಗೆ ಬಗ್ಗಿ ಬಗ್ಗಿ ಮನೆಗೆ ಬಂದವರೇ ನಡುಮನೆಯಲ್ಲಿ ನಿಂತು ಒಮ್ಮೆ ಮೈಮುರಿದು ಎರಡೂ ಕೈ ಮೇಲೆತ್ತುತ್ತಿದ್ದರು. "ಇದೊಂದಕ್ಕೇ ಕಣೇ ನಾನು ಮನೆಗೆ ಬರೋದು" ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ನಾನು ಬೇಡವೇನು, ಅಡುಗೆ ಬೇಡವೇನು ಎಂದು ರೇಗುತ್ತಿದ್ದೆ. ಮೂರೇ ದಿನದ ಜ್ವರ. ಮಕ್ಕಳಿಲ್ಲ. ಆ ಮನೆಯಲ್ಲಿ ಎಲ್ಲರಿಗಿಂತ ಎತ್ತರದವಳು ಈಗ ನಾನೇ.

ತಿಥಿಯ ಮರುದಿನ ಪಾಪಣ್ಣ ನನ್ನನ್ನು ಅಳೆಯುವುದಕ್ಕೆ ಬರಲೇ ಎಂದು ಕೇಳಿದ. ನನ್ನ ಅಳತೆ ನನಗೆ ಗೊತ್ತಿದೆ, ಕಚೇರಿಯಲ್ಲೇ ಹಾಕಿಕೊಳ್ಳುತ್ತೇನೆ ಎಂದೆ. ಕಂಪ್ಯೂಟರಿನ ಮುಂದೆ ಕೂತು ನಮ್ಮ ಮನೆಯ ಮೇಲೆ ಒತ್ತಿದೆ. ಛಾವಣಿಯ ಚೌಕದಲ್ಲಿ ಏಳು ಅಡಿ ನಾಲ್ಕು ಇಂಚು ಎಂದು ಒತ್ತಿದೆ. ಸೀಲಿಂಗಿನ ಚೌಕದಲ್ಲಿ ಎಂಟು ಅಡಿ ಒಂಬತ್ತು ಇಂಚು ಎಂದಿತ್ತು. ಅದನ್ನು ಅಳಿಸಿ ಆರು ಅಡಿ ಹತ್ತು ಎಂದು ಒತ್ತಬೇಕಿತ್ತು. ಬೆರಳು ಮುಂದೆ ಹೋಗಲೇ ಇಲ್ಲ. ನಲವತ್ತು ಮನೆಗೆ ಹೋದ ಬೆರಳು ನನ್ನ ಮನೆಗೆ ಬಂದಾಗ ಮರಗಟ್ಟಿತು. ಸೀಲಿಂಗು ಹಾಗೇ ಬಿಟ್ಟು ಉಳಿಸು ಎಂದು ಒತ್ತಿದೆ. 'ಸೀಲಿಂಗು ಛಾವಣಿಗಿಂತ ಮೇಲಿದೆ. ಮುಂದುವರಿಯಬೇಕೇ?' ಎಂದು ಅದು ಕೇಳಿತು. ಇಪ್ಪತ್ತು ವರ್ಷದಲ್ಲಿ ಅದು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ಹೌದು ಎಂದು ಒತ್ತಿದೆ.

ಬೆಳಿಗ್ಗೆ ಎದ್ದು ಬೀದಿಗೆ ಬಂದು ನೋಡಿದರೆ ನಮ್ಮ ಮನೆ ಕುಳ್ಳಗಾಗಿ ನಿಯಮದ ಪ್ರಕಾರ ನಿಂತಿತ್ತು. ಒಳಗೆ ಬಂದರೆ ಎಂಟು ಅಡಿ ಒಂಬತ್ತು ಇಂಚಿನ ಸೀಲಿಂಗು, ಗೋಡೆಯ ಮೇಲೆ ಅವರ ಕೈ, ಐದೂ ಬೆರಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಗಂಡ ಸತ್ತ ಹದಿಮೂರನೆಯ ದಿನ ಹೆಂಗಸು ಅಷ್ಟು ಸಂತೋಷಪಡಬಾರದು.

ಸ್ವಲ್ಪ ಹೊತ್ತಿಗೆ ಛಾವಣಿಯ ಮೇಲೆ ಒಂದು ಕಾಗೆ ಬಂದು ಕೂತಿತು. ಕೂತದ್ದು ಛಾವಣಿಯ ಮೇಲೆ, ಆದರೆ ಛಾವಣಿ ಇರುವುದು ಏಳಡಿಯಲ್ಲಿ, ನಮ್ಮ ನಡುಮನೆಯ ಸೀಲಿಂಗು ಇರುವುದು ಒಂಬತ್ತು ಅಡಿಯ ಹತ್ತಿರ. ಹಾಗಾಗಿ ಕಾಗೆ ನಮ್ಮ ನಡುಮನೆಯಲ್ಲಿ, ನನ್ನ ತಲೆಯ ಮೇಲೆ, ಏನೂ ಇಲ್ಲದ ಕಡೆ ಕಾಲೂರಿಕೊಂಡು ಈ ಗೋಡೆಯಿಂದ ಆ ಗೋಡೆಗೆ ನಡೆಯಿತು. ಅದಕ್ಕೆ ನಾನು ಕಾಣುತ್ತಿರಲಿಲ್ಲ. ನನಗೆ ಅದರ ಪಾದದ ಅಡಿ ಕಾಣುತ್ತಿತ್ತು. ಮಳೆ ಬಂದರೆ ನೀರು ಸೀಲಿಂಗಿನ ಕೆಳಗಿನಿಂದ ಸುರಿದು ಏಳಡಿಯಲ್ಲಿ ನಿಂತು, ಹಾಳೆಯಂತೆ ಹರಿದು ಸೂರಿನ ದೋಣಿಯ ಕಡೆ ಹೋಗುತ್ತಿತ್ತು. ಕೆಳಗೆ ಒಂದು ಹನಿ ಬೀಳುತ್ತಿರಲಿಲ್ಲ. ನಾನು ಅದರಡಿ ಕೂತು ಅನ್ನ ಬಸಿಯುತ್ತಿದ್ದೆ. ಮೊದಲ ವಾರ ಹೆದರಿಕೆಯಾಯಿತು, ಎರಡನೆಯ ವಾರ ಅಭ್ಯಾಸವಾಯಿತು. ಯಾರಾದರೂ ಬಂದರೆ ಜಗುಲಿಯಲ್ಲೇ ಕೂರಿಸಿ ಅಲ್ಲೇ ಕಾಫಿ ಕೊಡುತ್ತಿದ್ದೆ. ಮೇಡಮ್ಮನಿಗೆ ಗಂಡ ಹೋದ ಮೇಲೆ ಬಿಗುಮಾನ ಜಾಸ್ತಿಯಾಯಿತು ಎಂದು ಊರು ಆಡಿಕೊಂಡಿತು.

ಇದಾದ ಒಂದು ವರ್ಷಕ್ಕೆ ಪಕ್ಕದ ಮನೆಯ ತಿರುಮಲಯ್ಯ ತೀರಿಕೊಂಡ. ಆರು ಅಡಿ ಐದು ಇಂಚಿನ ಆಳು, ನಾಟಕದ ಪರದೆ ಬರೆಯುತ್ತಿದ್ದ. ಅರಮನೆ, ಕಾಡು, ಬೀದಿ, ಕೈಲಾಸ, ಹೀಗೆ ಹನ್ನೆರಡು ಪರದೆ, ಒಂದೊಂದೂ ಒಂಬತ್ತು ಅಡಿ ಎತ್ತರ. ಅವನ ತಂಗಿ ಹೊಂಬಾಳಮ್ಮ ಅವುಗಳನ್ನು ನಾಟಕದವರಿಗೆ ಬಾಡಿಗೆಗೆ ಕೊಟ್ಟು ಸಂಸಾರ ನಡೆಸುತ್ತಿದ್ದಳು. ಇಬ್ಬರೂ ಮದುವೆಯಾದವರಲ್ಲ. ಪರದೆಗಳೆಲ್ಲ ಅವರ ನಡುಮನೆಯಲ್ಲಿ ಸೀಲಿಂಗಿನಿಂದ ಸಾಲಾಗಿ ಇಳಿಬಿದ್ದಿರುತ್ತಿದ್ದವು. ಹೊಂಬಾಳಮ್ಮ ಅಡುಗೆಮನೆಗೆ ಹೋಗಬೇಕಾದರೆ ಕಾಡು ದಾಟಿ ಅರಮನೆಯ ಪಕ್ಕದಿಂದ ಹೋಗಬೇಕಿತ್ತು.

ತಿಥಿಯ ಮರುದಿನ ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು. "ಮೇಡಮ್ಮೋರೇ, ನಂದು ಐದಡಿ ಒಂದಿಂಚು. ನನ್ನ ಕೈಗೆ ಅಂತ ಇಳಿಸಿದ್ರೆ ಏಳಡಿ ಎರಡಿಂಚಾಗುತ್ತೆ. ಪರದೆ ಒಂಬತ್ತಡಿ ಐತೆ. ಮಡಿಚಿದ್ರೆ ಬಣ್ಣ ಬಿರುಕು ಬಿಡುತ್ತೆ. ನಮ್ಮಣ್ಣ ಒಂದೊಂದು ಪರದೆ ಆರಾರು ತಿಂಗಳು ಬರ್ದಿದ್ದಾನೆ."

"ನಿಯಮ ಎಲ್ಲರಿಗೂ ಒಂದೇ ಹೊಂಬಾಳಕ್ಕ" ಎಂದೆ. ನನ್ನ ಮನೆಗೆ ಮಾಡಿಕೊಂಡದ್ದನ್ನು ಅವಳ ಮನೆಗೆ ಮಾಡಿದರೆ ಅವಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಊರಿಗೆಲ್ಲ ಗೊತ್ತಾಗುತ್ತದೆ, ಆಮೇಲೆ ನನ್ನದೂ ಹೋಗುತ್ತದೆ. ಇಷ್ಟೇ ನನ್ನ ಲೆಕ್ಕಾಚಾರ. ಆ ಸಂಜೆ ಎರಡೂ ಚೌಕ ಸರಿಯಾಗಿ ತುಂಬಿದೆ. ಯಂತ್ರ ಏನೂ ಕೇಳಲಿಲ್ಲ.

ಅರಮನೆಯ ಸೊಂಟಕ್ಕೆ ಮಡಿಕೆ ಬಿತ್ತು. ಕೈಲಾಸದ ಅರ್ಧ ನೆಲದ ಮೇಲೆ ಬಿದ್ದುಕೊಂಡಿತು. ಮಡಿಕೆಯಾದ ಕಡೆ ಬಣ್ಣ ಉದುರತೊಡಗಿತು. ಎರಡು ತಿಂಗಳಾದ ಮೇಲೆ ಹೊಂಬಾಳಮ್ಮ ನಮ್ಮ ಜಗುಲಿಗೆ ಬಂದು, "ನಿಮ್ಮನೆ ಛಾವಣಿ ಕೈಗೆಟುಕೋ ಹಾಗಿದೆ, ಅಗಲವಾಗಿಯೂ ಐತೆ. ಪರದೆ ಒಂದೊಂದನ್ನೇ ಬಿಡಿಸಿ ಅದರ ಮೇಲೆ ಹಾಸಿ ಗಾಳಿಗೆ ಬಿಡ್ಲಾ?" ಎಂದು ಕೇಳಿದಳು. ಬೇಡ ಎನ್ನಲು ಬಾಯಿ ಬರಲಿಲ್ಲ. ಅವಳ ಮನೆ ಇಳಿಸಿದವಳು ನಾನು, ಈಗ ಛಾವಣಿಯೂ ಕೊಡುವುದಿಲ್ಲ ಎಂದರೆ ಹೇಗೆ? ಆಗಲಿ ಎಂದೆ.

ಅವಳು ಏಣಿ ಇಟ್ಟು ಹತ್ತಿ ಅರಮನೆಯನ್ನು ಹಾಸಿದಳು. ಒಳಗೆ ನಾನು ತಲೆಯೆತ್ತಿ ನೋಡುತ್ತಿದ್ದೆ. ಹೊಂಬಾಳಮ್ಮನ ಎರಡು ಪಾದ, ಹಿಮ್ಮಡಿಯ ಬಿರುಕಿನ ಸಮೇತ, ನನ್ನ ನಡುಮನೆಯ ಗಾಳಿಯಲ್ಲಿ ಓಡಾಡಿದವು. ಆಮೇಲೆ ಪರದೆ ಬಿಚ್ಚಿಕೊಂಡು ಪಾದಗಳನ್ನೂ ಗೋಡೆಯ ಮೇಲಿನ ನಮ್ಮ ಮನೆಯವರ ಕೈಯನ್ನೂ ಮುಚ್ಚಿತು. ಪರದೆಯ ಹಿಂಭಾಗ ಬರೀ ಗೋಣಿಯ ಬಣ್ಣ, ಆದರೆ ಬಿಸಿಲು ಬಿದ್ದಾಗ ಆಚೆಯ ಕಂಬಗಳೂ ಸಿಂಹಾಸನವೂ ತಿಳಿಯಾಗಿ ಕಾಣುತ್ತಿದ್ದವು. ವಾರಕ್ಕೊಂದು ಪರದೆ. ನಾನು ಒಂದು ವಾರ ಕಾಡಿನಡಿ, ಒಂದು ವಾರ ಕೈಲಾಸದಡಿ ಊಟ ಮಾಡಿದೆ. ಒಮ್ಮೆ ಅವಳು ಪರದೆ ಮೂಸಿ, "ಇದೇನು ಕೈಲಾಸಕ್ಕೆ ಇಂಗಿನ ಒಗ್ಗರಣೆ ವಾಸ್ನೆ!" ಎಂದು ಕೇಳಿದಳು. ಬೀದಿಯಲ್ಲಿ ಯಾರೋ ಸಾರು ಮಾಡಿರಬೇಕು ಎಂದೆ.

ಒಂದು ಭಾನುವಾರ ಮಧ್ಯಾಹ್ನ, ಎಲೆ ಅಲುಗದಂಥ ಸೆಕೆ. ಸಂತೆಯಿಂದ ಬಂದವಳು ಬೆವರು ಒರೆಸಿಕೊಳ್ಳುತ್ತ ಅಭ್ಯಾಸಬಲದಿಂದ ಫ್ಯಾನಿನ ಸ್ವಿಚ್ಚು ಒತ್ತಿದೆ. ಫ್ಯಾನು ಇದ್ದದ್ದು ಸೀಲಿಂಗಿನ ಕೆಳಗೆ, ಛಾವಣಿಯ ಮೇಲೆ. ಅದರ ಗಾಳಿ ನನ್ನ ಕಡೆ ಬರಲಿಲ್ಲ. ಹಾಸಿದ್ದ ಅರಮನೆಯ ಒಂದು ಮೂಲೆಯ ಕೆಳಗೆ ಹೊಕ್ಕಿತು. ಅರಮನೆ ಒಮ್ಮೆ ಉಬ್ಬಿತು, ಪಟಪಟ ಎಂದಿತು, ನನ್ನ ಕಣ್ಣೆದುರಿಗೇ ಎದ್ದು ಹೋಯಿತು. ಬೀದಿಯಲ್ಲಿ ಕೂಗಾಟ ಶುರುವಾಯಿತು. ಗಾಳಿಯೇ ಇಲ್ಲದ ದಿನ ಒಂಬತ್ತಡಿ ಅರಮನೆ ಊರ ಮೇಲೆ ಹಾರಿ ಬಸ್‌ಸ್ಟ್ಯಾಂಡಿನಲ್ಲಿ ಹೊರಟು ನಿಂತಿದ್ದ ಬಸ್ಸಿನ ಮೇಲೆ ಬಿದ್ದಿತ್ತು. ಡ್ರೈವರು ಗಾಬರಿಯಿಂದ ಹಾರನ್ ಹೊಡೆಯುತ್ತಲೇ ಇದ್ದ. ನಾಲ್ಕು ಜನ ಸೇರಿ ಅರಮನೆಯನ್ನು ಎಳೆದು ತೆಗೆದರಂತೆ.

ನಾನು ಸ್ವಿಚ್ಚು ಆರಿಸುವುದನ್ನು ಮರೆತಿದ್ದೆ. ಬಾಗಿಲು ಹಾಕುವುದನ್ನೂ ಮರೆತಿದ್ದೆ. ಹೊಂಬಾಳಮ್ಮ ಪರದೆ ಹೊತ್ತುಕೊಂಡು, ನಮ್ಮ ಛಾವಣಿಗೆ ಯಾವ ದೆವ್ವದ ಗಾಳಿ ಬಡಿಯಿತೆಂದು ಬಯ್ಯುತ್ತ ನೇರ ನಡುಮನೆಗೆ ಬಂದಳು. ಬಂದವಳು ನಿಂತಳು. ತಲೆಯೆತ್ತಿ ಫ್ಯಾನು ನೋಡಿದಳು, ಸೀಲಿಂಗು ನೋಡಿದಳು, ಗೋಡೆ ನೋಡಿದಳು. ಕೆಂಪು ಕೈಯನ್ನು ಬಹಳ ಹೊತ್ತು ನೋಡಿದಳು.

"ನಿನ್ನ ಗಂಡನ ಕೈ ಐತಲ್ಲ" ಎಂದಳು. ಇಪ್ಪತ್ತು ವರ್ಷದಲ್ಲಿ ಅವಳು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

"ಹೊಂಬಾಳಕ್ಕ, ಕೂತ್ಕೊಳ್ಳಿ..."

"ನಿಯಮ ಎಲ್ಲರಿಗೂ ಒಂದೇ ಅಂದ್ಯಲ್ಲ. ನಾನು ನಿನ್ನ ಮೇಜಿನ ಮುಂದೆ ಭಿಕ್ಷೆ ಬೇಡೋ ಹಾಗೆ ನಿಂತಿದ್ದಾಗ ನಿನ್ನ ಮನೇಲಿ ಇದು ಹಿಂಗೇ ಇತ್ತಾ?"

"ಇತ್ತು."

ಅವಳು ಅರಮನೆಯನ್ನು ನೆಲಕ್ಕೆ ಹಾಕಿ ಅದರ ಮೇಲೇ ಕುಸಿದು ಕೂತಳು. "ನಮ್ಮಣ್ಣನ ಕೈ ಹೋಯ್ತಲ್ಲೇ ಜಯಶೀಲ. ಅವ್ನ ಫೋಟೋ ಒಂದೂ ಇಲ್ಲ ನನ್ನ ಹತ್ರ. ಇದ್ದದ್ದು ಅದೊಂದು ಕೈ." ನಾಚಿಕೆಯಿಂದ ಸತ್ತುಹೋಗುವುದು ಎಂದು ಜನ ಸುಮ್ಮನೆ ಹೇಳುತ್ತಾರೆ, ಸಾಯುವುದಿಲ್ಲ. ನಿಂತುಕೊಂಡೇ ಇರಬೇಕಾಗುತ್ತದೆ.

ಆಗಿಂದಾಗಲೇ ಭಾನುವಾರವೆಂದೂ ನೋಡದೆ ಕಚೇರಿಯ ಬೀಗ ತೆಗೆಸಿ ಅವಳ ಮನೆಯ ಸೀಲಿಂಗನ್ನು ಒಂಬತ್ತು ಅಡಿ ಒಂದು ಇಂಚಿಗೆ ಏರಿಸಿದೆ. ಛಾವಣಿ ಇದ್ದಷ್ಟೇ ಇರಲಿ ಎಂದು ಬಿಟ್ಟೆ. ಮುಂದುವರಿಯಬೇಕೇ ಎಂದಿತು, ಹೌದು ಎಂದೆ. ಸೋಮವಾರ ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು ಅವಳ ಮನೆಗೆ ಓಡಿದೆ. ನಡುಮನೆ ಏರಿತ್ತು. ಗೋಡೆಯೂ ಬಂದಿತ್ತು. ಮೇಲಿನ ಎರಡು ಅಡಿ ಗೋಡೆ ಹೊಸದಾಗಿ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಕೈ ಇರಲಿಲ್ಲ. ಅಂಕಿ ಒತ್ತಿದರೆ ಎತ್ತರ ಬರುತ್ತದೆ, ಹೋದದ್ದು ಬರುವುದಿಲ್ಲ ಎಂದು ನನಗೂ ಆವತ್ತೇ ತಿಳಿದದ್ದು.

ಹೊಂಬಾಳಮ್ಮ ಬರೀ ಗೋಡೆಯನ್ನು ನೋಡಿದಳು. ಆಮೇಲೆ ಸ್ಟೂಲು ಎಳೆದುಕೊಂಡು ಅರಮನೆಯನ್ನು ನೇತುಹಾಕತೊಡಗಿದಳು. ನಾನು ಇನ್ನೊಂದು ತುದಿ ಹಿಡಿದೆ. ಕೆಲಸ ಮುಗಿದ ಮೇಲೆ, "ನಾನು ನನ್ನ ಮನೇನೂ ಇಳಿಸ್ಕೊಂಡ್ಬಿಡ್ತೀನಿ ಅಕ್ಕ" ಎಂದೆ.

"ಯಾಕೆ, ಎರಡು ಕೈ ಹೋಗ್ಲಿ ಅಂತಾನಾ?" ಎಂದು ರೇಗಿದಳು. "ಅದೇನೂ ಬೇಡ. ಇನ್ಮುಂದೆ ಯಾರ್ದೂ ಇಳಿಸ್ಬೇಡ. ಅಷ್ಟು ಮಾಡು, ಸಾಕು."

ಅಷ್ಟು ಮಾಡಿದೆ. ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಮಾಡಿದೆ. ಮೊದಲು ಇಳಿಸಿದ್ದ ಮನೆಗಳ ಸೀಲಿಂಗನ್ನೆಲ್ಲ ಏರಿಸಿದೆ. ಎಲ್ಲ ಕಡೆಯೂ ಬೆಳ್ಳಗಿನ ಗೋಡೆಯೇ ಬಂತು, ಆದರೂ ಜನ ತಲೆಯೆತ್ತಿ ಉಸಿರುಬಿಟ್ಟರು. ಆಮೇಲೆ ಊರಿನಲ್ಲಿ ಆರು ಸಾವಾದವು. ಆರು ಮನೆಯಲ್ಲೂ ಛಾವಣಿ ಇಳಿಸಿದೆ, ಸೀಲಿಂಗು ಮುಟ್ಟಲಿಲ್ಲ, ಆರು ಕೈ ಉಳಿದವು. ಪಾಪಣ್ಣ ಅಳತೆಕೋಲು ಹಿಡಿದು ಹೋಗಿ, ಕಾಫಿ ಕುಡಿದು ಬಂದು, "ಅಳೆದೆ ಮೇಡಂ" ಎನ್ನುತ್ತಿದ್ದ. ಆರರಲ್ಲಿ ಒಂದು ನಮ್ಮ ಮುಖ್ಯಾಧಿಕಾರಿ ದೊರೆಸ್ವಾಮಿಯವರ ಮನೆ. ಅವರ ತಂದೆ ಹೋದ ಹನ್ನೆರಡನೆಯ ದಿನದ ಮರುಬೆಳಿಗ್ಗೆ ಸಾಹೇಬರು ಕಚೇರಿಗೆ ಬಂದು ನನ್ನ ಮೇಜಿನ ಮೇಲೆ ಎರಡು ರಸಬಾಳೆ ಇಟ್ಟು ಒಳಗೆ ಹೋದರು.

ಊರು ಇದಕ್ಕೂ ಒಗ್ಗಿಕೊಂಡಿತು. ಛಾವಣಿಯ ಮೇಲೆ ಮೆಣಸಿನಕಾಯಿ ಒಣಹಾಕಿದವರು ಒಳಗೆ ಮಲಗಿಕೊಂಡೇ ಕಾವಲು ಕಾಯತೊಡಗಿದರು. ಕೋತಿ ಬಂದರೆ ಪೊರಕೆ ಎತ್ತಿ ಕಾಲಿಗೆ ಚುಚ್ಚುವುದು, ಅದು ಯಾರೂ ಕಾಣದೆ ಕಂಗಾಲಾಗಿ ಓಡುವುದು. ನೆಂಟರು ಬಂದು ಹೊಂಡಕ್ಕೆ ಇಳಿದವರಂತೆ ಬಗ್ಗಿ ಒಳಹೊಕ್ಕು, ಒಳಗೆ ನೆಟ್ಟಗಾಗಿ, ಮತ್ತೆ ಹೊರಗೆ ಹೋಗಿ ಮನೆ ನೋಡಿ ಬರುತ್ತಿದ್ದರು. ಬೀದಿಯಿಂದ ನೋಡಿದರೆ ಊರು ದಿನದಿನಕ್ಕೆ ಕುಳ್ಳಗಾಗುತ್ತಿತ್ತು.

ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ಜಿಲ್ಲೆಯಿಂದ ಕಾಗದ ಬಂತು. ತಪಾಸಣಾಧಿಕಾರಿಗಳು ಶುಕ್ರವಾರ ಬರುತ್ತಾರೆ, ಇಳಿಸಿದ ಮನೆಗಳ ಪೈಕಿ ಒಂದನ್ನು ಒಳಹೊಕ್ಕು ನೋಡುತ್ತಾರೆ, ಯಾವುದೆಂದು ಪುರಸಭೆಯೇ ತೋರಿಸತಕ್ಕದ್ದು. ದೊರೆಸ್ವಾಮಿಯವರು ಬಾಗಿಲು ಹಾಕಿಕೊಂಡು ನನ್ನನ್ನು ಕರೆದರು. ಕರವಸ್ತ್ರ ಒದ್ದೆಯಾಗಿತ್ತು.

"ನೋಡಮ್ಮಾ, ಬರೋರು ಒಂದೇ ಮನೆ ನೋಡೋದು. ಒಂದು ಸರಿಯಾಗಿದ್ರೆ ಎಲ್ಲ ಸರಿ ಅಂತ ಬರ್ಕೊಂಡು ಹೋಗ್ತಾರೆ. ಸರಿ ಇಲ್ದಿದ್ರೆ ಯಂತ್ರ ತಗೊಂಡ್ಹೋಗ್ತಾರೆ, ಜಿಲ್ಲೇಲಿ ಕೂತು ಅಷ್ಟೂ ಮನೆ ಅವರೇ ಇಳಿಸ್ತಾರೆ. ಪಟ್ಟೀಲಿ ಯಾವ್ದಾದ್ರೂ ಒಂದು ಮನೆ ನಿಜವಾಗ್ಲೂ ಇಳೀಬೇಕು. ಯಾವ್ದು ಅಂತ ನೀವೇ ನೋಡಿ. ನಾನು ಹೇಳಲ್ಲ. ನಂಗೆ ಹೇಳೋ ಮುಖ ಇಲ್ಲ."

ಪಟ್ಟಿಯಲ್ಲಿ ನಲವತ್ತೆಂಟು ಮನೆಗಳಿದ್ದವು. ಊಟದ ಹೊತ್ತಿಗೆ ಪಾಪಣ್ಣನ ಬಾಯಿಂದ ಹೊಂಬಾಳಮ್ಮನಿಗೆ ಸುದ್ದಿ ಮುಟ್ಟಿ ಅವಳು ಕಚೇರಿಗೇ ಬಂದಳು. "ಇದ್ರಲ್ಲಿ ಯೋಚ್ನೆ ಮಾಡೋದೇನೈತೆ? ನಂದು ಇಳಿಸು. ಹೆಂಗೂ ಬರೀ ಗೋಡೆ. ಪರದೆ ಮಡಿಚ್ಕೊಂಡ್ರಾಯ್ತು, ಆಗ್ಲೇ ಒಂದ್ಸಲ ಬಿರುಕು ಬಿಟ್ಟಿದ್ದಾವೆ."

ಅವಳು ಹೇಳಿದ್ದು ಸರಿಯಾಗೇ ಇತ್ತು. ನನಗೆ ಆಸೆಯೂ ಆಯಿತು. ಒಂದು ಕ್ಷಣ ಅಲ್ಲ, ಅವಳು ಹೇಳಿ ಮುಗಿಸಿ ನೀರು ಕುಡಿಯುವವರೆಗೂ ಆಸೆಯಾಯಿತು. ಅವಳ ಮನೆ ಇಳಿಸಿದರೆ ಕೈ ಹೋಗುವುದಿಲ್ಲ, ನನ್ನ ಗೋಡೆಯೂ ಉಳಿಯುತ್ತದೆ, ಅವಳೇ ಒಪ್ಪಿದ್ದಾಳೆ. ಆದರೆ ಒಬ್ಬಳಿಂದ ಒಮ್ಮೆ ಕಿತ್ತುಕೊಂಡದ್ದನ್ನು ಎರಡನೆಯ ಸಲ ಅವಳು ತಾನಾಗಿಯೇ ಕೊಟ್ಟರೂ ತೆಗೆದುಕೊಳ್ಳುವುದಕ್ಕೆ ಎಂಥ ಕೈ ಬೇಕು? ಉಳಿದ ನಲವತ್ತು ಮನೆಯ ಬರೀ ಗೋಡೆಗಳ ಮಾತೂ ಅದೇ. "ಮನೆಗೆ ಹೋಗಿ ಪರದೆ ನೋಡ್ಕೊಳ್ಳಿ ಅಕ್ಕ" ಎಂದೆ. ಪಾಪಣ್ಣನನ್ನು ಕರೆದು, ಬಟ್ಟಲು ತಗೊಂಡು ನಮ್ಮ ಮನೆಗೆ ಬಾ ಎಂದೆ.

ಎರಡು ವರ್ಷದ ಮೇಲೆ ನನ್ನ ಅಳತೆ ನಡೆಯಿತು. ಹೊಂಬಾಳಮ್ಮ ಬೇಡವೆಂದರೂ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು. ನಾನು ಅದೇ ಗೋಡೆಗೆ ಬೆನ್ನು ಕೊಟ್ಟು ನಿಂತು ಅಂಗೈಯನ್ನು ಕೆಮ್ಮಣ್ಣಿನಲ್ಲಿ ಅದ್ದಿ ಎತ್ತಿದೆ. ಎಷ್ಟು ಎತ್ತಿದರೂ ಅವರ ಕೈ ಇನ್ನೂ ಎರಡು ಅಡಿ ಮೇಲೆ ಇತ್ತು. ನಾನು ತುದಿಗಾಲಲ್ಲಿ ನಿಂತೆ. ಪಾಪಣ್ಣ ಅಳತೆಕೋಲಿನ ಕಡೆ ನೋಡದೆ ನನ್ನ ಪಾದದ ಕಡೆ ನೋಡಿದ.

"ಹಿಮ್ಮಡಿ ಇಳಿಸಿ ಮೇಡಂ" ಎಂದ ಮೆತ್ತಗೆ.

"ಇಳಿಸಿದೀನಿ."

"ಇಳಿಸಿಲ್ಲ ಮೇಡಂ."

"ಇಳಿಸಿದೀನಿ ಕಣೋ. ಬರ್ಕೋ" ಎಂದೆ. ಅವನು ಬಾಗಿಲಿನ ಕಡೆ ತಿರುಗಿ ಹೊಂಬಾಳಮ್ಮನನ್ನು ನೋಡಿದ. ಅವಳು ಬೀದಿಯನ್ನು ನೋಡುತ್ತಿದ್ದಳು. ಪಾಪಣ್ಣ ಏಳು ಅಡಿ ಎಂದು ಬರೆದುಕೊಂಡ. ನಮ್ಮೂರಿನ ಚರಿತ್ರೆಯಲ್ಲಿ ಅವನು ತಪ್ಪು ಬರೆದ ಅಳತೆ ಅದೊಂದೇ. ಎರಡು ಇಂಚು.

ಸಂಜೆ ಕಚೇರಿಗೆ ಹೋಗಿ ಒತ್ತಿದೆ. ಸೀಲಿಂಗು ಏಳು ಅಡಿ, ಛಾವಣಿ ಏಳೂವರೆ. ಯಂತ್ರ ಏನಾದರೂ ಕೇಳುತ್ತದೆ ಎಂದು ಕಾದೆ. ಎಲ್ಲ ಸರಿಯಾಗಿದ್ದದ್ದರಿಂದ ಅದು ಏನೂ ಕೇಳಲಿಲ್ಲ.

ಬೆಳಿಗ್ಗೆ ಕಣ್ಣು ಬಿಟ್ಟಾಗ ಸೀಲಿಂಗು ಹತ್ತಿರ ಬಂದು ನಿಂತಿತ್ತು. ಗೋಡೆಯ ಮೇಲೆ ಒಂದೇ ಕೈ ಇತ್ತು, ನನ್ನದು. ನಾನು ಅಳಲಿಲ್ಲ. ಎದ್ದು ಗುಡಿಸಿದೆ, ಮಜ್ಜಿಗೆ ಕಡೆದು ಕರಿಬೇವು ಹಾಕಿಟ್ಟೆ. ಹನ್ನೊಂದು ಗಂಟೆಗೆ ದೊರೆಸ್ವಾಮಿಯವರು ತಪಾಸಣಾಧಿಕಾರಿಯನ್ನು ಕರೆತಂದರು. ಹೊಂಬಾಳಮ್ಮ ನೆರೆಯವಳೆಂದು ಹೇಳಿಕೊಂಡು ಜೊತೆಗೆ ಬಂದಳು. ಅಧಿಕಾರಿ ತಿರುಮಲಯ್ಯನಿಗಿಂತಲೂ ಎತ್ತರದ, ಸಾಧು ಮುಖದ ಮನುಷ್ಯ. ಬಗ್ಗಿ ಒಳಗೆ ಬಂದು, ಬಗ್ಗಿಯೇ ಗೋಡೆಯ ಹತ್ತಿರ ಹೋಗಿ, ನನ್ನ ಕೈಗುರುತಿನಿಂದ ಸೀಲಿಂಗಿನವರೆಗೆ ತಮ್ಮ ಗೇಣು ಇಟ್ಟು ನೋಡಿದರು.

"ಯಜಮಾನರ ಕೈನಾ ಇದು?" ಎಂದು ಕೇಳಿದರು.

"ನಂದು" ಎಂದೆ.

"ಸರಿಯಾಗಿದೆ. ಒಂದು ಗೇಣು, ಒಂದು ಕೂದಲೆಳೆ ಹೆಚ್ಚಿಲ್ಲ ಕಡಿಮೆಯಿಲ್ಲ. ನಮ್ಮ ಜಿಲ್ಲೇಲೇ ಇಂಥ ಶಿಸ್ತು ನಾನು ನೋಡಿಲ್ಲ" ಎಂದು ಕಾಗದದ ಮೇಲೆ ರುಜು ಹಾಕಿದರು. ಆಮೇಲೆ ಕೆಲಸ ಮುಗಿದ ಸಮಾಧಾನದಲ್ಲಿ, ಎಲ್ಲಿದ್ದೇವೆನ್ನುವುದನ್ನು ಮರೆತು, ಎರಡೂ ಕೈ ಮೇಲೆತ್ತಿ ಮೈಮುರಿಯುವುದಕ್ಕೆ ಹೋದರು. ಕೈ ತಾಗಿತು, ಬೆಚ್ಚಿ ಒಂದು ಹೆಜ್ಜೆ ಹಾರಿದವರ ತಲೆ ದಡ್ ಎಂದು ಸೀಲಿಂಗಿಗೆ ಬಡಿಯಿತು. ಹೊಂಬಾಳಮ್ಮನಿಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡಳು. ಅವಳನ್ನು ನೋಡಿ ನನಗೂ ನಗು ಬಂತು. ನಗುತ್ತ ನಗುತ್ತ ನನಗೆ ಗೊತ್ತಾಗುವ ಮೊದಲೇ ಅದು ಅಳುವಾಗಿ, ಎರಡು ವರ್ಷ ತಡೆದದ್ದೆಲ್ಲ ಒಟ್ಟಿಗೆ ಬಂದು, ನೆಲದ ಮೇಲೆ ಕೂತು ಗೊಳೋ ಎಂದು ಅತ್ತೆ. ಹೊಂಬಾಳಮ್ಮ ಬಂದು ನನ್ನನ್ನು ತಬ್ಬಿಕೊಂಡಳು, ಅವಳೂ ಅತ್ತಳು.

ಅಧಿಕಾರಿಗಳು ಗಾಬರಿಯಾದರು. ನೆತ್ತಿ ಉಜ್ಜಿಕೊಳ್ಳುತ್ತ ನಮ್ಮ ಮುಂದೆ ಕುಕ್ಕರಗಾಲಲ್ಲಿ ಕೂತರು. "ಅಯ್ಯೋ, ಅಳಬೇಡೀಮ್ಮಾ" ಎಂದರು. "ಏನೂ ಆಗಿಲ್ಲ ನಂಗೆ. ಸಣ್ಣ ಪೆಟ್ಟು, ಅಷ್ಟೇ."